ಯಾರ ಮನೆಯ ಪಾಲ?

ಕಂತು ಒಂಬತ್ತು

"ಮೊಕ ಬ್ಯಾಡ ಕಣಣ್ಣ," ಎಂದಳು ಮಲ್ಲಿಗಮ್ಮ. "ಎಡಗಾಲು ತೋರ್ಸು."

ಹಾಸನದ ಶವಾಗಾರದ ನೌಕರ ಸಬ್‌ಇನ್‌ಸ್ಪೆಕ್ಟರ್ ಅನಿಲ್‌ಕುಮಾರನ ಕಡೆ ನೋಡಿದ. ಅನಿಲ್‌ಕುಮಾರ್ ತಲೆಯಾಡಿಸಿದ ಮೇಲೆ ಬಿಳಿ ಬಟ್ಟೆಯ ಕೆಳತುದಿಯನ್ನು ಮೇಲಕ್ಕೆ ಸರಿಸಿದ.

ಎಡಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕುಳಿತಿತ್ತು. ಪೆಟ್ಟು ಬಿದ್ದು, ನೀರಲ್ಲಿ ನೆನೆದು ಮುಖ ಗುರುತು ಸಿಗದಷ್ಟು ಊದಿಕೊಂಡಿದ್ದರೂ ಆ ಬೆರಳು ಮಾತ್ರ ಜಾಗ ಬಿಟ್ಟಿರಲಿಲ್ಲ.

ಮಲ್ಲಿಗಮ್ಮ ಅಳಲಿಲ್ಲ. ತನ್ನ ಯಜಮಾನರು ಹೊಸ ಚಪ್ಪಲಿ ತಂದಾಗಲೆಲ್ಲ ಆ ಬೆರಳಿಗೆ ಜಾಗ ಆಗಲೆಂದು ಪಕ್ಕದಲ್ಲಿ ಬ್ಲೇಡಿನಿಂದ ಕುಯ್ದುಕೊಳ್ಳುತ್ತಿದ್ದರು ಎಂದಷ್ಟೇ ಹೇಳಿದಳು. ಆಮೇಲೆ ಬಟ್ಟೆಯನ್ನು ತಾನೇ ಎಳೆದು ಕಾಲು ಮುಚ್ಚಿದಳು, ಮಲಗಿರುವವನಿಗೆ ಚಳಿಯಾದೀತು ಅನ್ನುವ ಹಾಗೆ.

ಹೊಳೆನರಸೀಪುರದಲ್ಲಿ ಹೇಮಾವತಿಯ ದಡಕ್ಕೆ ತಲೆ ಒಡೆದ ಹೆಣವಾಗಿ ಬಂದು ಬಿದ್ದಿದ್ದ, ಊರಿಗೆಲ್ಲ ಬರೀ 'ಪಾಲ' ಆಗಿದ್ದ ಹಾರ್ಮೋನಿಯಂ ರಿಪೇರಿಯವನನ್ನು ನಮ್ಮವನು ಎಂದು ಎರಡು ಊರಿನವರು ಕೇಳಿಕೊಂಡು ಬಂದಿದ್ದರು. ಅದರಲ್ಲಿ ಒಬ್ಬರ ಮಾತು ಈಗ ನಿಜವಾಗಿತ್ತು.

"ಹೆಸರು ಹೇಳಮ್ಮ, ಬರ್ಕೊಬೇಕು," ಎಂದ ಅನಿಲ್‌ಕುಮಾರ್.

ಮಲ್ಲಿಗಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಧನಪಾಲ. ನಮ್ಮತ್ತೆ ಪಾಲ ಅಂತಿದ್ರು. ನಾನು ಯಾವತ್ತೂ ಹೆಸ್ರಿಡಿದು ಕರ್ದೋಳಲ್ಲ ಸಾ. ಈವತ್ತೇ ಮೊದ್ಲು."

ರೂಪಶ್ರೀ ಕಿಟಕಿಯ ಕಡೆ ತಿರುಗಿದಳು. ಪೊಲೀಸ್ ಕೆಲಸ ಬಿಟ್ಟು ಹಾಸನದ ಬಸ್ ಸ್ಟ್ಯಾಂಡ್ ಹಿಂದೆ ಸ್ವಂತ ಪತ್ತೇದಾರಿ ಆಫೀಸು ತೆರೆದ ಮೇಲೆ ಗಂಡಿನ ಮನೆಯವರ ಗುಣನಡತೆ ವಿಚಾರಿಸುವುದೇ ಅವಳ ಹೊಟ್ಟೆಪಾಡಾಗಿತ್ತು. ಗಂಡನನ್ನು ಹುಡುಕಿಕೊಡಿ ಎಂದು ದಂಡಿಗನಹಳ್ಳಿಯಿಂದ ಮಲ್ಲಿಗಮ್ಮ ಬಂದಾಗ, ಇಷ್ಟು ವರ್ಷ ಬಿಟ್ಟು ಈಗೇಕೆ ಎಂದು ಕೇಳಿದ್ದಳು. ಇದ್ದ ಒಂದು ಮಗು ಜ್ವರದಲ್ಲಿ ಹೋದ ಮೇಲೆ ಮನೆಯಲ್ಲಿ ಮಾತೇ ನಿಂತುಹೋಯಿತಂತೆ. ರುದ್ರಪಟ್ಟಣದ ಸಂಗೀತೋತ್ಸವಕ್ಕೆ ಶ್ರುತಿಪೆಟ್ಟಿಗೆ ಸರಿಮಾಡಿ ಬರುತ್ತೇನೆಂದು ಹೋದವನು ತಿರುಗಿ ಬರಲಿಲ್ಲವಂತೆ. ಮೊದಮೊದಲು ಸಿಟ್ಟಿಗೆ ಹುಡುಕಲಿಲ್ಲ, ಆಮೇಲೆ ಅದೇ ಅಭ್ಯಾಸವಾಯಿತು ಎಂದಿದ್ದಳು. ರೂಪಶ್ರೀ ಆತನ ಬಾಡಿಗೆ ಕೋಣೆಯನ್ನು ಪತ್ತೆ ಮಾಡಿ ಹೊಳೆನರಸೀಪುರಕ್ಕೆ ಹೋಗಿ ಇಳಿದರೆ, ಹೊಳೆಯ ಹತ್ತಿರ ಜನ ಗುಂಪು ಕಟ್ಟಿದ್ದರು.

ಒಂದು ದಿನ ತಡವಾಗಿತ್ತು. ಆ ಒಂದು ದಿನ ಅವಳ ಎದೆಯಲ್ಲಿ ಇನ್ನೂ ಕೂತಿತ್ತು.

ಹೊರಗೆ ಹೊಂಗೆ ಮರದ ಕೆಳಗೆ ಎರಡನೆಯ ಹಕ್ಕುದಾರ ಕಾಯುತ್ತಿದ್ದ. ಮಲ್ಲಿಪಟ್ಟಣದ ಸಿದ್ದೇಶ್ವರ. ಅರವತ್ತರ ಹತ್ತಿರದ ವಯಸ್ಸು, ಒಗೆದ ಪಂಚೆ, ಹಣೆಯ ಮೇಲೆ ಬೆವರಿಗೆ ಅರ್ಧ ಅಳಿಸಿದ ವಿಭೂತಿ. ಸತ್ತವನು ತನ್ನ ಅಣ್ಣ ಪಾಲಾಕ್ಷ, ಮನೆ ಬಿಟ್ಟು ಮೂವತ್ತು ವರ್ಷವಾಯಿತು ಎಂದು ಬರೆದುಕೊಟ್ಟಿದ್ದವನು ಅವನೇ. ಗುರುತು ಹೇಳು ಎಂದರೆ ಬೆನ್ನ ಮೇಲೆ ಮಚ್ಚೆ ಎಂದಿದ್ದ. ಬೆನ್ನ ಮೇಲೆ ಮಚ್ಚೆ ಇರಲಿಲ್ಲ.

ಅನಿಲ್‌ಕುಮಾರ್ ವಿಷಯ ತಿಳಿಸಿದ. ನಿಮ್ಮಣ್ಣ ಅಲ್ಲ, ಮನೆಗೆ ಹೋಗಿ ಎಂದ. ಯಾರಿಗಾದರೂ ಆ ಮಾತು ಕೇಳಿ ಜೀವ ಬಂದಂತಾಗಬೇಕು. ಸಿದ್ದೇಶ್ವರನ ಮುಖ ಕಪ್ಪಿಟ್ಟಿತು. ಅವನು ಸೀದಾ ಮಲ್ಲಿಗಮ್ಮನ ಮುಂದೆ ಹೋಗಿ ಕೈಮುಗಿದು ನಿಂತ.

"ತಾಯಿ, ಈವತ್ತು ತಗೊಂಡೋಗ್ಬೇಡಿ. ಒಂದೆರಡು ದಿನ ತಡ್ಕಳಿ. ನಿಮ್ಮೋರು ಅಂತ ಯಾರ್ಗೂ ಹೇಳ್ಬ್ಯಾಡಿ."

ಮಲ್ಲಿಗಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಬದುಕಿದ್ದಾಗ್ಲೇ ಯಾರ್ಗೂ ಹೇಳ್ಕಳಕ್ಕಾಗ್ನಿಲ್ಲ ಕಣಪ್ಪ," ಎಂದವಳೇ ಆಂಬುಲೆನ್ಸ್ ವಿಚಾರಿಸಲು ಹೊರಟುಹೋದಳು.

ಸಿದ್ದೇಶ್ವರ ಗೇಟಿನವರೆಗೂ ನಡೆದು, ಒಮ್ಮೆ ಹಿಂತಿರುಗಿ ನೋಡಿ, ಅರಕಲಗೂಡು ಬಸ್ಸಿನ ಕಡೆ ಹೋದ.

ಅನಿಲ್‌ಕುಮಾರನಿಗೆ ಮೊದಲಿನಿಂದಲೂ ಅವನ ಮೇಲೆಯೇ ಕಣ್ಣು. ಧನಪಾಲ ಸಾಯುವ ಸಂಜೆ ಅವನ ಕೋಣೆಯ ಹತ್ತಿರ ಯಾರೋ ಬಂದು 'ಪಾಲು, ಪಾಲು' ಎಂದು ಕೂಗಿದ್ದರೆಂದು ಮನೆಯ ಒಡತಿ ಮಾಯಮ್ಮ ಹೇಳಿಕೆ ಕೊಟ್ಟಿದ್ದಳು. ಆಸ್ತಿಯಲ್ಲಿ ಪಾಲಿನ ಜಗಳ, ಅಣ್ಣತಮ್ಮಂದಿರ ಕೊಲೆ ಎಂದು ಅವನು ತೀರ್ಮಾನ ಮಾಡಿಕೊಂಡಿದ್ದ. ಈಗ ಅಣ್ಣನೇ ಅಲ್ಲವೆಂದ ಮೇಲೆ ಪಾಲು ಎಲ್ಲಿಂದ ಬಂತು?

"ಏನೋ ಇದೆ ಮೇಡಂ ಆ ವಯ್ಯನ ಹತ್ರ," ಎಂದ ಅವನು. ಬಾಡಿ ಕೊಟ್ಟು ಕಳಿಸಿ, ಪತ್ರಿಕೆಯವರಿಗೆ ಹೆಸರು ತಿಳಿಸಿಬಿಡುತ್ತೇನೆ, ಅವರು ಬೆಳಗಿನಿಂದ ಜೀವ ತಿನ್ನುತ್ತಿದ್ದಾರೆ ಎಂದ. ರೂಪಶ್ರೀ ಸರಿ ಎಂದಳು. ಅವಳ ತಲೆಯಲ್ಲಿ ಬೇರೆಯದೇ ತಿರುಗುತ್ತಿತ್ತು. ತನ್ನದಲ್ಲದ ಹೆಣಕ್ಕೆ ಒಬ್ಬ ಮನುಷ್ಯ ಯಾಕೆ ಹೀಗೆ ಅಂಗಲಾಚುತ್ತಾನೆ?

* * *

ಹೊಳೆನರಸೀಪುರದ ಆ ಬೀದಿಯಲ್ಲಿ ಬಿಸಿಲು ಒಂದೇ ಮಗ್ಗುಲಿಗೆ ಬಿದ್ದಿತ್ತು. ಮಾಯಮ್ಮ ಹಳೇ ಸೀರೆ ಹಾಸಿ ಹಪ್ಪಳ ಒಣಹಾಕುತ್ತಿದ್ದಳು. ಹಿತ್ತಿಲ ಕೋಣೆಯ ಬೀಗದ ಕೈ ಕೊಟ್ಟು, ನೋಡ್ಕೊಂಡು ಬಾ ಎಂದಳು.

ರೂಪಶ್ರೀ ಆ ಕೋಣೆಯನ್ನು ಹಿಂದೆಯೂ ನೋಡಿದ್ದಳು. ಪೊಲೀಸರಿಗೆ ಅಲ್ಲಿ ಫೋನಾಗಲೀ ಆಧಾರ್ ಕಾರ್ಡಾಗಲೀ ಸಿಕ್ಕಿರಲಿಲ್ಲ. ಹಲಗೆಯ ಮೇಲೆ ಹೊಟ್ಟೆ ಬಿಚ್ಚಿದ ಹಾರ್ಮೋನಿಯಂ, ಪೇಪರಿನ ಮೇಲೆ ಸಾಲಾಗಿ ಇಟ್ಟ ಸ್ವರ ಹೊರಡಿಸುವ ಹಿತ್ತಾಳೆಯ ಪಟ್ಟಿಗಳು. ಒಂದು ತಟ್ಟೆ, ಒಂದು ಲೋಟ, ಗೋಡೆಗೆ ಒಂದು ಮೊಳೆ, ಮೊಳೆಗೆ ಒಂದು ಅಂಗಿ. ಎಲ್ಲವೂ ಒಂದೊಂದೇ. ತನ್ನ ಮನೆಯ ಅಡುಗೆಕೋಣೆಯಲ್ಲೂ ಬೋರಲು ಹಾಕಿದ ಲೋಟ ಒಂದೇ ಎನ್ನುವುದು ಅವಳಿಗೆ ಬೇಡವೆಂದರೂ ನೆನಪಾಯಿತು.

ಊರವರು ಹಾರ್ಮೋನಿಯಂ ತಂದುಕೊಡುತ್ತಿದ್ದರು, ತೆಗೆದುಕೊಂಡು ಹೋಗುತ್ತಿದ್ದರು. ಪಾಲ ಅಂದರೆ ಏನು, ಮುಂದೆ ಹಿಂದೆ ಏನಾದರೂ ಇದೆಯೇ ಎಂದು ಯಾರೂ ಕೇಳಿದವರಲ್ಲ. ಸಂಜೆಯಾದರೆ ಒಂದೇ ಸ್ವರವನ್ನು ಮತ್ತೆಮತ್ತೆ ಹಿಡಿದು ನೋಡುತ್ತಿದ್ದನಂತೆ. ಆಗ ತಲೆ ಚಿಟ್ಟು ಹಿಡಿಯುತ್ತಿತ್ತು, ಈಗ ಆ ಸದ್ದಿಲ್ಲದೆ ಹೊತ್ತು ಹೋಗುವುದಿಲ್ಲ ಎಂದಳು ಮಾಯಮ್ಮ.

ರೂಪಶ್ರೀ ಅವಳ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕುಳಿತಳು. "ಅವತ್ತು ಬಂದವರು ಹೆಂಗೆ ಕೂಗಿದ್ರೋ ಹಂಗೇ ಒಂದ್ಸಲ ಕೂಗ್ತೀರಾ ಅಮ್ಮಾ?"

ಮಾಯಮ್ಮನಿಗೆ ನಾಚಿಕೆಯಾಯಿತು. ಬೀದಿಯ ಎರಡೂ ಕಡೆ ನೋಡಿ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಕೊನೆಗೆ ಹಿತ್ತಿಲ ಕಡೆ ತಿರುಗಿ ಕೂಗಿದಳು.

"ಪಾವ್ಲೂ..."

ರೂಪಶ್ರೀ ಇನ್ನೊಮ್ಮೆ ಕೂಗಿಸಿದಳು. ಎರಡನೆಯ ಸಲವೂ ನಡುವೆ ಆ 'ವ' ಇತ್ತು. ಪೊಲೀಸರು ಬರೆದುಕೊಂಡಾಗ ಅದು ಬಿದ್ದುಹೋಗಿತ್ತು.

"ಪಾಲು ಕೇಳೋಕೆ ಬಂದೋರು ಹಿಂಗೆ ಕೂಗ್ತಾರಾ?"

ಮಾಯಮ್ಮ ಹಪ್ಪಳ ಹಿಡಿದ ಕೈ ಹಾಗೇ ನಿಲ್ಲಿಸಿದಳು. "ಇಲ್ಲ ಕಣವ್ವ. ಈಗ ನೀನು ಕೇಳಿದ್ಮ್ಯಾಕೆ ಅನ್ಸ್ತದೆ. ಆಡಕ್ಕೆ ಓದ ಮಗೀನ ಕೂಗ್ದಂಗಿತ್ತು."

ಉಳಿದದ್ದನ್ನೂ ರೂಪಶ್ರೀ ಬಿಡಿಸಿ ಬಿಡಿಸಿ ಕೇಳಿದಳು. ಬಾಗಿಲು ತೆರೆಯಿತು; ಇಬ್ಬರೂ ಮೆಲ್ಲಗೆ ಏನೋ ಮಾತಾಡಿಕೊಂಡರು, ಜಗಳವಿಲ್ಲ. ಬಂದವನು ಬಂದ ದಾರಿಯಲ್ಲೇ ಹೋದ. ಸ್ವಲ್ಪ ಹೊತ್ತಿಗೆ ಪಾಲ ಟವೆಲ್ ಹೆಗಲಿಗೆ ಹಾಕಿಕೊಂಡು, ದಿನಾ ಕೂರುವ ಹಾಗೆ ಹೊಳೆ ಮೆಟ್ಟಿಲ ಮೇಲೆ ಕೂರಲು ಹೋದ. ಬೀದಿಯ ತುದಿಯಲ್ಲಿ ಯಾರೋ ಬೈಕ್ ನಿಲ್ಲಿಸಿಕೊಂಡಿದ್ದರು. ಕೂಗಿದವನದಾಗಲೀ ಅವರದಾಗಲೀ ಮುಖವನ್ನು ಮಾಯಮ್ಮ ನೋಡಿರಲಿಲ್ಲ.

ಬಸ್ಸಿಗೆ ಕಾಯುತ್ತಾ ರೂಪಶ್ರೀ ಸಿಂಧುವಿಗೆ ಫೋನ್ ಮಾಡಿದಳು. ಸಿಂಧು ಪೊಲೀಸ್ ಟ್ರೇನಿಂಗಿನಲ್ಲಿ ಪಕ್ಕದ ಮಂಚದವಳು, ಮಂಗಳೂರಿನ ಕಡೆಯವಳು, ಈಗ ಅಲ್ಲಿಯೇ ಕೆಲಸದಲ್ಲಿದ್ದಳು.

"ಪಾವ್ಲು ಅಂದ್ರೆ ಪಾಲ್ ಮಾರಾಯ್ತಿ," ಎಂದಳು ಸಿಂಧು. "ಇಲ್ಲಿ ಕೊಂಕಣಿ ಕ್ರಿಶ್ಚಿಯನ್ನರ ಮನೆಯಲ್ಲಿ ಹಾಗೇ ಕರೆಯುವುದು. ನಮ್ಮ ಆಚೆಮನೆಯಲ್ಲೇ ಒಬ್ಬ ಪಾವ್ಲು ಇದ್ದಾನಲ್ಲ."

ಅದೇ ಹೆಸರು ಕೇರಳಕ್ಕೆ ಹೋದರೆ ಪೌಲೋಸ್ ಆಗುತ್ತದಂತೆ. ಮೂಲದಲ್ಲಿ ರೋಮಿನವರ ಮಾತು, ಚಿಕ್ಕವನು ಎಂದು ಅರ್ಥವಂತೆ. ಚರ್ಚಿನ ಶಾಲೆಯಲ್ಲಿ ಓದಿದ್ದರಿಂದ ಅಷ್ಟು ಗೊತ್ತು ಎಂದಳು. ಕೊನೆಯಲ್ಲಿ ದನಿ ತಗ್ಗಿಸಿ, "ರೂಪಿ, ನೀನು ಹೇಗಿದ್ದಿ?" ಎಂದು ಕೇಳಿದಳು.

ಅಮ್ಮ ಹೋದ ಮೇಲೆ ಅವಳನ್ನು ರೂಪಿ ಎಂದು ಕರೆಯುವವಳು ಸಿಂಧು ಒಬ್ಬಳೇ. ಉಳಿದವರಿಗೆಲ್ಲ ಅವಳು ಮೇಡಂ. ಚೆನ್ನಾಗಿದ್ದೀನಿ ಎಂದು ಹೇಳಿ ಫೋನ್ ಇಟ್ಟಳು. ಇಟ್ಟ ಮೇಲೆ, ಇನ್ನೆರಡು ಮಾತು ಆಡಬಹುದಿತ್ತು ಅನ್ನಿಸಿತು.

ಅರಕಲಗೂಡಿನವರೆಗೂ ಕಿಟಕಿ ಪಕ್ಕ ಕುಳಿತು ಆ ಎರಡಕ್ಷರವನ್ನೇ ಯೋಚಿಸಿದಳು. ಶಿವಭಕ್ತರ ಮನೆಯಲ್ಲಿ ಪಾಲ ಅಂದರೆ ಪಾಲಾಕ್ಷ, ಹಣೆಗಣ್ಣಿನವನು; ಅಲ್ಲಿ ಹಣೆ ಎನ್ನುವ ಸಂಸ್ಕೃತದ 'ಫಾಲ' ನಮ್ಮವರ ಬಾಯಲ್ಲಿ ಮೆತ್ತಗಾಗಿದೆ. ದಂಡಿಗನಹಳ್ಳಿಯ ಗೌಡರ ಮನೆಯಲ್ಲಿ ಪಾಲ ಅಂದರೆ ಧನಪಾಲ, ಕಾಯುವವನು. ಗದ್ದೆ ಕೆಲಸಕ್ಕೆ ಬರುವ ತಮಿಳರಲ್ಲಿ ಪಾಲ್‌ಪಾಂಡಿ ಎಂದು ಒಬ್ಬನಿದ್ದ. ಅವರಿಗೆ ಪಾಲ್ ಎಂದರೆ ಹಾಲು. ಈಗ ಕೊಂಕಣಿಯ ಪಾವ್ಲು, ಚಿಕ್ಕವನು. ಹಣೆಗೂ ಕಾವಲಿಗೂ ಹಾಲಿಗೂ ಚಿಕ್ಕವನಿಗೂ ಒಂದಕ್ಕೊಂದು ಯಾವ ನಂಟೂ ಇಲ್ಲ. ಬೀದಿಯಲ್ಲಿ ನಿಂತು ಕೂಗಿದರೆ ಮಾತ್ರ ಎಲ್ಲರೂ ತಿರುಗಿ ನೋಡುತ್ತಾರೆ.

ಧನಪಾಲನೂ ಹಾಗೆ ತಿರುಗಿ ನೋಡಿದ್ದ. ಬಾಗಿಲು ತೆರೆದಿದ್ದ. ಬಹಳ ದಿನದ ಮೇಲೆ ತನ್ನನ್ನು ಯಾರೋ ಅಷ್ಟು ಅಕ್ಕರೆಯಿಂದ ಕರೆದರು ಅಂದುಕೊಂಡು ತೆರೆದಿರಬಹುದು.

* * *

ಮಲ್ಲಿಪಟ್ಟಣದಲ್ಲಿ ಸಿದ್ದೇಶ್ವರನ ಹೆಂಡತಿ ರೇವಮ್ಮ ಬಾಗಿಲಲ್ಲೇ ನಿಂತು ಹೊಲದ ದಾರಿ ತೋರಿಸಿದಳು. ಅವಳ ಮುಖದಲ್ಲಿ ದಿಗಿಲಿತ್ತು.

"ಹಾಸನದಿಂದ ಬಂದೋರು ಒಂದ್ ತೊಟ್ಟು ನೀರೂ ಕುಡೀನಿಲ್ಲ ಕಣಮ್ಮ. ಹೆಣ ಬತ್ತದೆ ಅಂತ ನೆನ್ನೇನೇ ಗುಂಡಿ ತೆಗ್ಸವ್ರೆ. ಅದ್ರತ್ರನೇ ಕುಂತವ್ರೆ."

ಶುಂಠಿ ಹೊಲದ ಆಚೆ, ಅವನ ತಂದೆಯ ಗದ್ದುಗೆಯ ಮಗ್ಗುಲಲ್ಲಿ, ಹೊಸ ಗುಂಡಿ ಬಾಯಿ ತೆರೆದಿತ್ತು. ಕೆಮ್ಮಣ್ಣಿನ ಗುಡ್ಡೆಯ ಮೇಲೆ ಸಿದ್ದೇಶ್ವರ ಕುಳಿತಿದ್ದ. ಬಿಸಿಲು ಇಳಿಯುತ್ತಿತ್ತು. ಸುತ್ತ ಯಾರೂ ಇರಲಿಲ್ಲ.

ಅವನು ಏಳಲಿಲ್ಲ. ಅವಳೂ ಕೂರಲಿಲ್ಲ. ಗುಂಡಿಯ ಈಚೆ ದಡದಲ್ಲಿ ನಿಂತು ಒಂದೇ ಮಾತು ಹೇಳಿದಳು.

"ಪಾವ್ಲು."

ಸಿದ್ದೇಶ್ವರನ ಕೈಯಲ್ಲಿದ್ದ ಮಣ್ಣಿನ ಹೆಂಟೆ ಪುಡಿಯಾಗಿ ಉದುರಿತು.

"ಆ ಹೆಸ್ರು ನನ್ನೊಬ್ಬನ್ನ ಬಿಟ್ರೆ ಈ ಊರಲ್ಲಿ ಯಾರ್ಗೂ ಗೊತ್ತಿಲ್ಲ ಮೇಡಮ್ಮೋರೆ. ನಮ್ಮಪ್ಪಂಗೂ ಗೊತ್ತಿರ್ನಿಲ್ಲ."

"ಅವತ್ತು ಹೊಳೆನರಸೀಪುರದಲ್ಲಿ ಕೂಗಿದ್ದು ನೀವೇ."

"ನಾನೇ."

ಆಮೇಲೆ ಅವನು ಹೇಳತೊಡಗಿದ. ಅವನ ತಂದೆ ಕೊಬ್ಬರಿ ವ್ಯಾಪಾರಕ್ಕೆ ಊರೂರು ಸುತ್ತುವವರು. ಒಮ್ಮೆ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಏಳೆಂಟು ವರ್ಷದ ಹುಡುಗನೊಬ್ಬ ಒಂಟಿಯಾಗಿ ಅಳುತ್ತಾ ಕೂತಿದ್ದ. ಕಾಫಿ ಸೀಮೆಯ ಕಡೆಯಿಂದ ಬಂದ ಬಸ್ಸಿನಿಂದ ಇಳಿದವನು. ಅವನ ಮಾತು ಯಾರಿಗೂ ತಿಳಿಯಲಿಲ್ಲ, ಹೆಸರೊಂದು ಬಿಟ್ಟು. ಆ ಹೆಸರೂ ಅಪ್ಪನ ಕಿವಿಗೆ ಪಾಲ ಎಂದು ಬಿತ್ತು. ಕೇಳಿಕೊಂಡು ಯಾರೂ ಬಾರದೆ ಹೋದ ಮೇಲೆ ಮನೆಗೆ ಕರೆತಂದು, ಲಿಂಗ ಕಟ್ಟಿಸಿ, ಪಾಲಾಕ್ಷ ಎಂದು ಹೆಸರಿಟ್ಟು, ಹೆತ್ತ ಮಗನಿಗಿಂತ ಮೊದಲು ಅವನಿಗೆ ಬಡಿಸಿ ಸಾಕಿದರು. ಮಠದ ಭಜನೆಗೆ ಹಾರ್ಮೋನಿಯಂ ಹಿಡಿಯುವುದನ್ನೂ ಕಲಿಸಿದರು.

"ಕನ್ನಡ ಬಂದ್ಮ್ಯಾಕೆ ಒಂದಿನ ಉಲ್ಲಿನ ಮೆದೆ ಹಿಂದೆ ನನ್ನ ಕಿವೀಲಿ ಏಳ್ದ. ನಾನು ಪಾಲ ಅಲ್ಲ ಕಣ್ಲಾ, ಪಾವ್ಲು. ನೀನಾದ್ರೂ ಅಂಗೇ ಕರಿ ಅಂದ. ಯಾರೂ ಇಲ್ದಾಗ ಕರೀತಿದ್ದೆ."

ತಂದೆ ತೀರಿಕೊಂಡ ಮೇಲೆ ನೆಂಟರಿಷ್ಟರು ಹುಟ್ಟಿನ ಮಾತೆತ್ತಿದರಂತೆ. ಪಾಲಾಕ್ಷ ಯಾರ ಜೊತೆಗೂ ವಾದಕ್ಕೆ ಇಳಿಯದೆ ಎದ್ದು ಹೊರಟುಹೋದನಂತೆ. ಆಮೇಲೆ ಸುಳಿವೇ ಇಲ್ಲ. ಈಚೆಗೆ ಒಂದು ಬೆಳಗ್ಗೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಎತ್ತಿದರೆ ಅದೇ ದನಿ, ಆದರೆ ಮುದುಕನದು.

"ಏನಂದ?"

"ಚಿಕ್ಕೋನಿದ್ದಾಗ ಎಸ್ಟೇಟ್ನಲ್ಲಿ ನಾನೊಂದು ನೋಡಿದ್ದೆ ಕಣ್ಲಾ, ಅದ್ಕೇ ಓಡ್ಬಂದಿದ್ದು. ಈಗ ಅದ್ನ ಮಾಡ್ದೋರ್ಗೆ ನಾನು ಬದುಕಿದೀನಿ ಅಂತ ಗೊತ್ತಾಗ್ಬುಟ್ಟದೆ. ಪಾವ್ಲು ಅಂತ ಯಾರಾದ್ರೂ ಕೇಳ್ಕಂಡು ಬಂದ್ರೆ ಸತ್ತೋದ ಅನ್ನು. ಅಷ್ಟೇ ಅಂದ. ಎಲ್ಲಿದೀಯ ಅಂತ ಕೇಳೋವೊತ್ಗೆ ಇಟ್ಬುಟ್ಟ."

ಏನು ನೋಡಿದ್ದನೆಂದು ಸಿದ್ದೇಶ್ವರನಿಗೂ ತಿಳಿಯದು. ಅವನು ಸುಮ್ಮನಿರಲಾಗದೆ ಹುಡುಕಲು ಹೊರಟ. ಹೊಳೆನರಸೀಪುರದಲ್ಲಿ ಪಾಲ ಎಂಬ ಹಾರ್ಮೋನಿಯಂ ರಿಪೇರಿಯವನೊಬ್ಬ ಒಂಟಿಯಾಗಿದ್ದಾನೆಂದು ರುದ್ರಪಟ್ಟಣದಲ್ಲಿ ಯಾರೋ ಹೇಳಿದರು. ಇನ್ನೇನು ಬೇಕು? ಆ ಸಂಜೆ ಬಾಗಿಲ ಮುಂದೆ ನಿಂತು, ಹುಲ್ಲಿನ ಮೆದೆಯ ಹಿಂದೆ ಕರೆಯುತ್ತಿದ್ದ ಹಾಗೆ ಕರೆದ.

"ಬಾಗ್ಲು ತೆಗೆದೋನು ಬೇರೆ ಯಾರೋ. ಪಾಪ, ಕೂತ್ಕಳಿ, ಟೀ ಕಾಸ್ತೀನಿ ಅಂದ. ನಾನು ತಪ್ಪಾಯ್ತು ಅಂತ ಬಂದ್ಬುಟ್ಟೆ." ಅವನು ಅಂಗೈಯ ಮಣ್ಣನ್ನು ಪಂಚೆಗೆ ಒರೆಸಿಕೊಂಡ. "ಎರಡ್ ದಿನಕ್ಕೆ ಪೇಪರಲ್ಲಿ ಬಂತು."

ರೂಪಶ್ರೀಗೆ ಬೀದಿಯ ತುದಿಯಲ್ಲಿ ನಿಂತಿದ್ದ ಬೈಕು ಕಣ್ಣಿಗೆ ಕಟ್ಟಿತು. ಅಣ್ಣನನ್ನು ತಮ್ಮ ಹುಡುಕಿಯೇ ಹುಡುಕುತ್ತಾನೆಂದು ಸಿದ್ದೇಶ್ವರನ ಹಿಂದೆಯೇ ಬಂದವರು. ಪಾವ್ಲು ಎಂಬ ಕೂಗಿಗೆ ಒಂದು ಬಾಗಿಲು ತೆರೆದದ್ದನ್ನು ದೂರದಿಂದ ನೋಡಿದವರು. ಅವರಿಗೆ ಅಷ್ಟು ಗುರುತು ಸಾಕಾಗಿತ್ತು.

"ಅವರು ನಿಮ್ಮಣ್ಣ ಅಂದ್ಕೊಂಡು ಧನಪಾಲನ್ನ ಕೊಂದಿದ್ದಾರೆ."

ಸಿದ್ದೇಶ್ವರ ಗುಂಡಿಯ ಕಡೆ ನೋಡಿದ.

"ಅದ್ಕೇ ಹೆಣ ಕೇಳಿದ್ದು. ಇಲ್ಲಿ ತಂದು, ಊರೋರ್ನೆಲ್ಲ ಕರ್ದು, ನಮ್ಮಣ್ಣ ಪಾಲಾಕ್ಷ ಅಂತ ಮಣ್ಣು ಮಾಡಿದ್ರೆ, ಕೊಂದೋರ್ಗೆ ಸರಿಯಾದೋನ್ನೇ ಕೊಂದ್ವಿ ಅಂತ ನಂಬ್ಕೆ ಬತ್ತಿತ್ತು. ಅವ್ನು ಎಲ್ಲೋ ಒಂದ್ ಕಡೆ ನೆಮ್ಮದಿಯಾಗಿ ಉಸ್ರಾಡ್ಕಂಡಿರೋನು. ಆ ತಾಯೀಗೆ ಅನ್ಯಾಯ ಅಂತ ನನ್ಗೂ ಗೊತ್ತಿತ್ತು ಮೇಡಮ್ಮೋರೆ. ನನ್ಗೆ ಅಣ್ಣ ಅಂತ ಇರೋನು ಅವ್ನೊಬ್ನೆ."

ರೂಪಶ್ರೀಗೆ ಬೆಳಗ್ಗೆ ಅನಿಲ್‌ಕುಮಾರನಿಗೆ ತಾನು ಸರಿ ಎಂದದ್ದು ಆಗ ತಿವಿಯಿತು. ಫೋನ್ ತೆಗೆದಳು. ಹೊಲದ ಈ ಮೂಲೆಯಲ್ಲಿ ಸಿಗ್ನಲ್ ಬರುತ್ತಾ ಹೋಗುತ್ತಾ ಇತ್ತು. ಬದುವಿನ ಮೇಲೆ ಹತ್ತಿ ನಿಂತ ಮೇಲೆ ರಿಂಗಾಯಿತು.

ಧನಪಾಲನ ಹೆಸರು ಯಾರಿಗೂ ಕೊಡಬೇಡಿ ಎಂದು ಅವಳು ಬಾಯಿ ತೆರೆಯುವಷ್ಟರಲ್ಲಿ ಅನಿಲ್‌ಕುಮಾರನೇ ಶುರುಮಾಡಿದ. ಬಾಡಿ ದಂಡಿಗನಹಳ್ಳಿಗೆ ಹೋಗಿಯಾಯಿತು, ಹೆಸರು ಊರು ಎಲ್ಲ ಮಧ್ಯಾಹ್ನವೇ ಮೊಬೈಲಿನಲ್ಲಿ ಓಡಾಡುತ್ತಿದೆ ಎಂದ. ಅವನ ದನಿಯಲ್ಲಿ ಕೆಲಸ ಮುಗಿಸಿದ ಸಮಾಧಾನವಿತ್ತು.

"ಆಮೇಲೆ ಒಂದು ವಿಚಿತ್ರ ಮೇಡಂ. ಈಗ ತಾನೇ ಸ್ಟೇಷನ್ನಿಗೆ ಒಬ್ಬ ಫೋನ್ ಮಾಡಿದ್ದ. ಹೆಸರು ಹೇಳ್ಲಿಲ್ಲ."

"ಏನು ಕೇಳ್ದ?"

ಸಿದ್ದೇಶ್ವರ ಎದ್ದು ನಿಂತಿದ್ದ. ಸುತ್ತ ಒಂದು ಹಕ್ಕಿಯ ಸದ್ದೂ ಇರಲಿಲ್ಲ. ಫೋನಿನ ಮಾತು ಅವನಿಗೂ ಚೆನ್ನಾಗಿ ಕೇಳುತ್ತಿತ್ತು.

"ಹಂಗಾದ್ರೆ ಸತ್ತಿರೋದು ಪಾವ್ಲು ಅಲ್ವಾ ಅಂತ ಕೇಳ್ದ. ಅಲ್ಲಪ್ಪ, ಧನಪಾಲ ಅಂತ ಹೇಳ್ದೆ. ಥ್ಯಾಂಕ್ಸ್ ಅಂತ ಹೇಳಿ ಇಟ್ಬಿಟ್ಟ," ಎಂದ ಅನಿಲ್‌ಕುಮಾರ್. "ಯಾರು ಮೇಡಂ ಈ ಪಾವ್ಲು?"